ಕೂಸಿನ ಮೈಮೇಲೆ ಗಂಧೆ ಎದ್ದ ಕೂಡಲೇ ತತ್ತಿ, ಶೇಂಗಾ ಬಿಡಿಸಬೇಡಿ

ನಮ್ಮ ಕಲಬುರಗಿ ಕಡೆ ಕೂಸಿನ ಮೈಮೇಲೆ ಏನಾದರೂ ಕೆಂಪಗೆ ಎದ್ದರೆ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ. ನಿನ್ನೆ ಏನು ತಿನಿಸಿದ್ರಿ? ತತ್ತಿ ಅಂದರೆ ತತ್ತಿ ಬಂದ್. ಶೇಂಗಾ ಅಂದರೆ ಶೇಂಗಾ ಬಂದ್. ಕೂಸು ಇನ್ನೂ ಎದೆಹಾಲನ್ನಷ್ಟೇ ಕುಡಿಯುತ್ತಿದ್ದರೆ ಬಾಣಂತಿಯ ತಾಟಿನಿಂದ ಬ್ಯಾಳಿ, ಬದನೆಕಾಯಿ, ಹಾಲು ಒಂದೊಂದಾಗಿ ಮಾಯವಾಗುತ್ತವೆ. ಗಂಧೆ ಎರಡು ದಿನದಲ್ಲಿ ಇಳಿಯುತ್ತದೆ. ಬಹಳಷ್ಟು ಸಲ ಏನೂ ಬಿಡಿಸದಿದ್ದರೂ ಇಳಿಯುತ್ತಿತ್ತು. ಆದರೆ ಬಿಟ್ಟ ಊಟ ಮಾತ್ರ ತಿಂಗಳುಗಟ್ಟಲೆ ವಾಪಸ್ ಬರುವುದಿಲ್ಲ.

ಆಹಾರದ ಅಲರ್ಜಿ ಸುಳ್ಳಲ್ಲ. ಕೆಲವು ಮಕ್ಕಳಿಗೆ ಅದು ಜೀವಕ್ಕೇ ಬರುತ್ತದೆ, ಆ ಬಗ್ಗೆ ಕೆಳಗೆ ಬರೆದಿದ್ದೇನೆ. ಆದರೆ ನಮ್ಮ ಭಾಗದಲ್ಲಿ ನಿಜವಾದ ಅಲರ್ಜಿಗಿಂತ ಅಲರ್ಜಿ ಇರಬಹುದು ಅನ್ನುವ ಅನುಮಾನವೇ ಜಾಸ್ತಿ ಮಕ್ಕಳ ಊಟ ಕಿತ್ತುಕೊಳ್ಳುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೆ ಕಾರಣವೂ ಇದೆ. ಬೆಂಗಳೂರು, ಮೈಸೂರು ಕಡೆಯ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಶೇ. 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ, ಅಂದರೆ ಅಲರ್ಜಿಗೆ ಸಂಬಂಧಪಟ್ಟ ಪ್ರತಿಕಾಯ ಸಿಕ್ಕಿತು. ಆದರೆ ತಿಂದಾಗ ನಿಜವಾಗಿ ತೊಂದರೆಯಾಗುತ್ತಿದ್ದವರು, ಅಂದರೆ ಅಲರ್ಜಿ ಇದೆ ಅನ್ನಬಹುದಾದವರು, ಶೇ. 1.2 ಮಾತ್ರ. ಅದೇ ತಂಡ ಶಾಲೆಯ ಮಕ್ಕಳನ್ನು ನೋಡಿ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಅದು ಇನ್ನೂ ಕಡಿಮೆ, ಶೇ. 0.14. ಇದು ಕೂಸುಗಳ ಲೆಕ್ಕವಲ್ಲ, ಕೂಸುಗಳಲ್ಲಿ ಅಲರ್ಜಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ಆದರೂ ಟೆಸ್ಟಿನಲ್ಲಿ ಕಾಣುವುದು ಬೇರೆ, ತಿಂದಾಗ ಆಗುವುದು ಬೇರೆ ಅನ್ನುವುದು ಇದರಿಂದ ಸ್ಪಷ್ಟವಾಗುತ್ತದೆ.

ಊಟ ಬಿಡಿಸುವುದು ಇಲ್ಲಿ ಯಾಕೆ ಅಷ್ಟು ದೊಡ್ಡ ವಿಷಯ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಕಥೆ ಇದು. ಇಡೀ ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಗುತ್ತಿರುವುದು ಶೇ. 11ರಷ್ಟು ಮಕ್ಕಳಿಗೆ. ಬಿಸಿಯೂಟದಲ್ಲಿ ತತ್ತಿ ಕೊಡುವ ಯೋಜನೆ 2021ರ ಡಿಸೆಂಬರ್‌ನಲ್ಲಿ ಮೊದಲು ಬೀದರ್, ಕಲಬುರಗಿ, ಯಾದಗಿರಿ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಶುರುವಾಗಿದ್ದೂ ಇದೇ ಕಾರಣಕ್ಕೆ. ಶಾಲೆಯ ಮಗುವಿಗೆ ಸರ್ಕಾರ ತತ್ತಿ ಕೊಡುತ್ತಿದೆ, ಮನೆಯಲ್ಲಿ ಅದರ ತಮ್ಮನಿಗೆ ಅನುಮಾನದ ಮೇಲೆ ತತ್ತಿ ಬಂದ್ ಆಗಿದೆ. ಇದು ನನಗೆ ಸಂಕಟ ಕೊಡುವ ವಿಷಯ.

ಹಾಗಾದರೆ ಅಲರ್ಜಿ ಯಾವುದು, ಯಾವುದಲ್ಲ ಅಂತ ಗುರುತಿಸುವುದು ಹೇಗೆ?

ಆಹಾರದಲ್ಲಿರುವ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರು ಅಂತ ತಪ್ಪು ತಿಳಿದು ತಿರುಗಿ ಬಿದ್ದರೆ ಅದು ಅಲರ್ಜಿ. ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ತಿಂದ ಕೆಲವೇ ನಿಮಿಷಗಳಿಂದ ಎರಡು ತಾಸಿನೊಳಗೆ ಲಕ್ಷಣ ಶುರುವಾಗುತ್ತದೆ. ತುಟಿ, ಕಣ್ಣಿನ ರೆಪ್ಪೆ ಊದುವುದು, ಮೈಮೇಲೆ ದದ್ದು ಎದ್ದು ತುರಿಸುವುದು, ವಾಂತಿ, ಕೆಮ್ಮು, ಉಬ್ಬಸ. ಇನ್ನೊಂದು ಗುರುತು, ಅದೇ ಪದಾರ್ಥ ಕೊಟ್ಟಾಗ ಮತ್ತೆ ಅದೇ ಆಗುತ್ತದೆ. ಸೋಮವಾರ ತತ್ತಿ ತಿಂದು ಆಟವಾಡಿಕೊಂಡಿದ್ದ ಕೂಸಿಗೆ ಗುರುವಾರ ಗಂಧೆ ಎದ್ದರೆ ಸೋಮವಾರದ ತತ್ತಿಯನ್ನು ಬೈದು ಉಪಯೋಗವಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕದಲ್ಲಿ, ಮೊಬೈಲಿನಲ್ಲಿ ಕಾಣುವ ದದ್ದಿನ ಚಿತ್ರಗಳು ಹೆಚ್ಚಾಗಿ ಬೆಳ್ಳನೆಯ ಮಕ್ಕಳವು. ನಮ್ಮ ಮಕ್ಕಳ ಮೈಬಣ್ಣದಲ್ಲಿ ಕೆಂಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಬೆಳಕಿಗೆ ಹಿಡಿದು ನೋಡಿ, ಕೈಯಾಡಿಸಿ ನೋಡಿ. ಅಲರ್ಜಿಯ ಗಂಧೆ ಉಬ್ಬಿರುತ್ತದೆ, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತದೆ.

ಅಲರ್ಜಿ ಅಂತ ನಾವು ತಪ್ಪು ತಿಳಿಯುವ ಪಟ್ಟಿಯಲ್ಲಿ ಮೊದಲ ಜಾಗ ನಮ್ಮ ಬ್ಯಾಸಗಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ, ಕರೆಂಟು ಹೋದರೆ ಮನೆಯೊಳಗೂ ಇರಲಾಗದು, ಕೂಸಿಗೆ ಮಾತ್ರ ಮೇಲಿಂದ ಮೇಲೆ ಬಟ್ಟೆ ಸುತ್ತಿರುತ್ತೇವೆ. ಜೇವರ್ಗಿ ಕಡೆಯ ನಮ್ಮ ಸಂಬಂಧಿಕರ ಮನೆಯಲ್ಲಿ ಹೀಗೇ ಆಯಿತು. ಒಂಬತ್ತು ತಿಂಗಳ ಕೂಸು. ಹಿಂದಿನ ದಿನ ತತ್ತಿ ತಿಂದಿತ್ತು. ಸೊಸೆ ಕೇಳಿದಳು, "ಅತ್ತಿ, ಇನ್ನೊಂದ ಸಲ ತಿನಸಿ ನೋಡೋಣ್ರಿ?" ಅತ್ತೆ ಒಪ್ಪಲಿಲ್ಲ. "ಬ್ಯಾಡವ್ವ, ತತ್ತಿ ಉಷ್ಣ. ಮೈಯೆಲ್ಲಾ ಹ್ಯಾಂಗ ಎದ್ದಾವ ನೋಡು." ಜಬಲಾ ಬಿಚ್ಚಿ ನೋಡಿದರೆ ಗುಳ್ಳೆಗಳು ಮೈಯೆಲ್ಲಾ ಇರಲಿಲ್ಲ. ಕುತ್ತಿಗೆಯ ಮಡಿಕೆಯಲ್ಲಿ, ಕಂಕುಳಲ್ಲಿ, ಬೆನ್ನಿನ ಮೇಲೆ, ಅಂದರೆ ಬೆವರು ನಿಲ್ಲುವ ಕಡೆ ಮಾತ್ರ ಇದ್ದವು. ಸಾಸಿವೆಯಷ್ಟೇ ಸಣ್ಣವು, ಎಲ್ಲಾ ಒಂದೇ ಅಳತೆಯವು. ತುಟಿ ಊದಿರಲಿಲ್ಲ, ವಾಂತಿ ಇರಲಿಲ್ಲ. ಮಕ್ಕಳ ಡಾಕ್ಟರು ಬೆವರುಸಾಲೆ ಅಂದರು, ತೆಳ್ಳನೆಯ ಹತ್ತಿಬಟ್ಟೆ ಹಾಕಲು ಹೇಳಿದರು. ತತ್ತಿಯನ್ನು ಬಿಡಬೇಡಿ ಅಂತಲೂ ಹೇಳಿದರು. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ, ಅವರ ಕಾಳಜಿ ನಿಜವಾದದ್ದೇ. ಆದರೆ ಕಾಳಜಿ ಇದ್ದವರು ಬಟ್ಟೆ ಬಿಚ್ಚಿ ಗುಳ್ಳೆ ಎಲ್ಲಿ ಎದ್ದಿದೆ ಅಂತ ನೋಡಬೇಕು, ಅಲ್ವಾ?

ಬೆವರುಸಾಲೆ ಬಿಟ್ಟರೆ ಜ್ವರ, ನೆಗಡಿಯ ವೈರಸ್. ಚಿಕ್ಕ ಮಕ್ಕಳಿಗೆ ಗಂಧೆ ಏಳಲು ಅತಿ ಸಾಮಾನ್ಯ ಕಾರಣ ಇದೇ, ಆಹಾರವಲ್ಲ. ಟೊಮೆಟೊ, ಮೋಸಂಬಿಯಂಥ ಹುಳಿ ತಾಗಿ ಬಾಯಿಯ ಸುತ್ತ ಮಾತ್ರ ಕೆಂಪಾಗುವುದು ಬರೀ ಚರ್ಮದ ಉರಿ, ಒರೆಸಿದರೆ ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಈಗ ಹಾಲಿನ ವಿಷಯ. ಕೂಸುಗಳಲ್ಲಿ ಅತಿ ಹೆಚ್ಚು ಕಾಣುವ ಅಲರ್ಜಿಗಳಲ್ಲಿ ಹಸುವಿನ ಹಾಲಿನದು ಒಂದು. ಪಶ್ಚಿಮದ ದೇಶಗಳಲ್ಲಿ ಶೇ. 2ರಿಂದ 3ರಷ್ಟು ಕೂಸುಗಳಿಗೆ ಇದು ಇರುತ್ತದೆ. ಗೊಂದಲವೂ ಹಾಲಿನಲ್ಲೇ ಹೆಚ್ಚು. ಭೇದಿಯಾದ ಮೇಲೆ ಕೂಸಿಗೆ ಹಾಲು ಒಗ್ಗದಿದ್ದರೆ ಅದು ಸಾಮಾನ್ಯವಾಗಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಜೀರ್ಣವಾಗದ ತೊಂದರೆ. ಕರುಳು ಸುಧಾರಿಸಿದ ಮೇಲೆ ತಾನೇ ಸರಿಹೋಗುತ್ತದೆ. ಅಲರ್ಜಿ ಆಗುವುದು ಹಾಲಿನ ಸಕ್ಕರೆಗಲ್ಲ, ಪ್ರೋಟೀನಿಗೆ. ಇನ್ನೊಂದು ಬಗೆಯ ಹಾಲಿನ ಅಲರ್ಜಿಯಲ್ಲಿ ಗಂಧೆ ಏಳುವುದೇ ಇಲ್ಲ. ಚೆನ್ನಾಗಿ ಆಡಿಕೊಂಡು ತೂಕ ಏರುತ್ತಿರುವ ಕೂಸಿನ ಕಕ್ಕದಲ್ಲಿ ಲೋಳೆಯ ಜೊತೆ ರಕ್ತದ ಎಳೆ ಕಾಣುತ್ತದೆ. ಎದೆಹಾಲು ಮಾತ್ರ ಕುಡಿಯುವ ಕೂಸಿಗೂ ಇದು ಆಗಬಹುದು, ಯಾಕೆಂದರೆ ತಾಯಿ ಕುಡಿದ ಹಾಲಿನ ಪ್ರೋಟೀನ್ ಸ್ವಲ್ಪ ಮಟ್ಟಿಗೆ ಎದೆಹಾಲಿಗೆ ಬರುತ್ತದೆ. ಆಗ ಎದೆಹಾಲು ಬಿಡಿಸಬಾರದು. ಡಾಕ್ಟರು ಹೇಳಿದರೆ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಪೇಢೆ ಎಲ್ಲಾ ಬಿಟ್ಟು ನೋಡಬೇಕು, ರಕ್ತ ನಿಂತ ಮೇಲೆ ಮತ್ತೆ ತಿಂದು ನೋಡಬೇಕು. ಈ ಎರಡನೆಯ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ. ಮತ್ತೆ ತಿಂದಾಗ ರಕ್ತ ಬರದಿದ್ದರೆ ಹಾಲಿನದು ತಪ್ಪೇ ಇರಲಿಲ್ಲ, ಬಾಣಂತಿ ಸುಮ್ನೆ ಪಥ್ಯ ಮಾಡಬೇಕಾಗಿಯೇ ಇಲ್ಲ.

ಹಳ್ಳಿಯಲ್ಲಿ ಸಲೀಸಾಗಿ ಸಿಗುವ ಸಲಹೆ ಎಂದರೆ ಆಕಳ ಹಾಲು ಆಗದಿದ್ದರೆ ಆಡಿನ ಹಾಲು ಹಾಕಿ, ಅದು ಹಗುರ ಅನ್ನುವುದು. ಇದು ಅಪಾಯ. ಆಕಳು, ಎಮ್ಮೆ, ಆಡು ಇವುಗಳ ಹಾಲಿನ ಪ್ರೋಟೀನುಗಳು ಒಂದಕ್ಕೊಂದು ಎಷ್ಟು ಹೋಲುತ್ತವೆ ಎಂದರೆ ಆಕಳ ಹಾಲಿನ ಅಲರ್ಜಿ ಇರುವ ಕೂಸುಗಳಲ್ಲಿ ಹೆಚ್ಚಿನವಕ್ಕೆ ಆಡಿನ ಹಾಲೂ ಆಗುವುದಿಲ್ಲ. ಚೆನ್ನಾಗಿ ಕಾಯಿಸಿದರೂ ಅಲರ್ಜಿ ಹೋಗುವುದಿಲ್ಲ, ಹಾಲಿನ ಕೇಸೀನ್ ಬಿಸಿಗೆ ಬಗ್ಗುವ ಪ್ರೋಟೀನ್ ಅಲ್ಲ. ಎದೆಹಾಲು ಸಿಗದ, ಅಲರ್ಜಿ ಖಚಿತವಾದ ಕೂಸಿಗೆ ಪ್ರೋಟೀನನ್ನು ಚೂರುಚೂರು ಮಾಡಿದ ಬೇರೆಯೇ ಪುಡಿಹಾಲು ಬೇಕಾಗುತ್ತದೆ. ಅದರ ಬೆಲೆ ಜಾಸ್ತಿ. ಹಾಗಾಗಿ ಅಲರ್ಜಿ ಹೌದೋ ಅಲ್ಲವೋ ಖಚಿತವಾಗದೆ ಆ ಖರ್ಚಿಗೆ ಕೈ ಹಾಕಬೇಡಿ.

ತತ್ತಿಯಲ್ಲಿ ಅಲರ್ಜಿ ಹೆಚ್ಚಾಗಿ ಬಿಳಿ ಭಾಗಕ್ಕೆ. ಅರೆಬೆಂದದ್ದಕ್ಕಿಂತ ಪೂರ್ತಿ ಗಟ್ಟಿಯಾಗಿ ಬೇಯಿಸಿದ್ದು ಕೂಸಿಗೆ ಒಳ್ಳೆಯದು. ತತ್ತಿಯ ಅಲರ್ಜಿ ಇರುವ ಮಕ್ಕಳಲ್ಲೂ ಬಹಳಷ್ಟು ಮಂದಿಗೆ ಕೇಕಿನಂತೆ ಹಿಟ್ಟಿನಲ್ಲಿ ಬೆರೆಸಿ ಬೇಯಿಸಿದ ತತ್ತಿ ನಡೆಯುತ್ತದೆ. ಆದರೆ ಅದನ್ನು ಮನೆಯಲ್ಲಿ ಪರೀಕ್ಷೆ ಮಾಡಬೇಡಿ.

ಶೇಂಗಾದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಡೀ ಜಗತ್ತಿನ ಡಾಕ್ಟರುಗಳು ಮಾತು ಬದಲಿಸಿದ್ದು ಇದರಲ್ಲೇ. 2000ನೇ ಇಸವಿಯಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ, ಅಲರ್ಜಿಯ ಅಪಾಯ ಇರುವ ಮಕ್ಕಳಿಗೆ ತತ್ತಿ 2 ವರ್ಷದವರೆಗೆ, ಶೇಂಗಾ 3 ವರ್ಷದವರೆಗೆ ಕೊಡಬೇಡಿ ಅಂತ ಹೇಳಿತ್ತು. ತಡ ಮಾಡಿದರೆ ಅಲರ್ಜಿ ಕಡಿಮೆಯಾಗುತ್ತದೆ ಅನ್ನುವ ನಂಬಿಕೆ. ಅದಕ್ಕೆ ಪುರಾವೆ ಇಲ್ಲ ಅಂತ 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಅದೇ ವರ್ಷ ಇನ್ನೊಂದು ಅಧ್ಯಯನ ಬಂತು. ಬ್ರಿಟನ್ನಿನಲ್ಲಿ ಬೆಳೆದ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಇತ್ತು. ಇಸ್ರೇಲಿನ ಕೂಸುಗಳು ವರ್ಷ ತುಂಬುವ ಮೊದಲೇ ಶೇಂಗಾದ ತಿಂಡಿ ತಿನ್ನುತ್ತಿದ್ದವು, ಬ್ರಿಟನ್ನಿನ ಕೂಸುಗಳಿಗೆ ಅದು ಸಿಗುತ್ತಿರಲಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಿಡಿಯನ್ ಲ್ಯಾಕ್ ಅವರ ತಂಡ ಇದನ್ನು ಸರಿಯಾಗಿ ಪರೀಕ್ಷಿಸಿತು. ಜೋರು ಎಕ್ಜಿಮಾ (ಚರ್ಮ ಒರಟಾಗಿ ಬಿರಿದು ತುರಿಸುವ ರೋಗ) ಅಥವಾ ತತ್ತಿ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಶೇಂಗಾ ನಿಯಮಿತವಾಗಿ ಕೊಟ್ಟರು, ಇನ್ನೊಂದಕ್ಕೆ ಪೂರ್ತಿ ಬಂದ್ ಮಾಡಿದರು. 5 ವರ್ಷ ತುಂಬಿದಾಗ ಬಿಟ್ಟವರಲ್ಲಿ ಶೇ. 17.2 ಮಕ್ಕಳಿಗೆ ಶೇಂಗಾ ಅಲರ್ಜಿ, ತಿಂದವರಲ್ಲಿ ಶೇ. 3.2 ಮಾತ್ರ. 2015ರಲ್ಲಿ ಈ ಫಲಿತಾಂಶ ಬಂದ ಮೇಲೆ ಸಲಹೆಗಳೇ ತಿರುಗಿದವು.

ಅಂದರೆ ಹೆದರಿ ಶೇಂಗಾ ತಡ ಮಾಡುವುದೇ ಅಲರ್ಜಿಗೆ ದಾರಿ ಮಾಡಿಕೊಡಬಹುದು. ಮೂರು ಹೊತ್ತೂ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವ ನಾಡು ನಮ್ಮದು. ಮನೆಯಲ್ಲೇ ಇರುವ ಪದಾರ್ಥ, ದುಬಾರಿಯಲ್ಲ. ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೇಲೂಟ ಶುರುವಾಗಿ ಕೂಸು ಅನ್ನ, ಬ್ಯಾಳಿ ಕಟ್ಟು, ಜೋಳದ ಗಂಜಿಗೆ ಹೊಂದಿಕೊಂಡ ಮೇಲೆ ಶೇಂಗಾಕ್ಕೆ ವರ್ಷಗಟ್ಟಲೆ ಕಾಯಬೇಕಿಲ್ಲ. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆದು, ಖಾರ ಉಪ್ಪು ಹಾಕದೆ, ಗಂಜಿಯಲ್ಲಿ ತೆಳ್ಳಗೆ ಕಲಸಿ ಮೊದಲ ಸಲ ಕಾಲು ಚಮಚದಷ್ಟು ಕೊಡಿ. ಬೆಳಿಗ್ಗೆ ಕೊಡಿ, ದಿನವಿಡೀ ಕಣ್ಣಿಡಲು ಆಗುತ್ತದೆ. ಕೂಸಿಗೆ ಜ್ವರ, ನೆಗಡಿ ಇರುವ ದಿನ ಬೇಡ. ಅದೇ ದಿನ ಇನ್ನೊಂದು ಹೊಸ ಪದಾರ್ಥ ಬೇಡ. ಒಗ್ಗಿದ ಮೇಲೆ ವಾರದಲ್ಲಿ ಎರಡು ಮೂರು ಸಲ ಕೊಡುತ್ತಲೇ ಇರಬೇಕು, ಒಂದು ಸಲ ಕೊಟ್ಟು ಮರೆತುಬಿಟ್ಟರೆ ಪ್ರಯೋಜನವಿಲ್ಲ. ಇಡೀ ಕಾಳು ಅಥವಾ ಅರ್ಧ ಕಾಳನ್ನು ಮಾತ್ರ 4, 5 ವರ್ಷದವರೆಗೆ ಕೊಡಲೇಬೇಡಿ. ಗಂಟಲಿನಿಂದ ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಜೋರು ಎಕ್ಜಿಮಾ ಇರುವ, ಅಥವಾ ಆಗಲೇ ತತ್ತಿಗೆ ಅಲರ್ಜಿ ತೋರಿಸಿರುವ ಕೂಸಾದರೆ ಮೊದಲ ತುತ್ತಿಗೂ ಮುಂಚೆ ಡಾಕ್ಟರ ಹತ್ತಿರ ಮಾತಾಡಿ.

ಎಕ್ಜಿಮಾ ಅಂದೆನಲ್ಲ, ಅದರ ಹಿಂದೆ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಪಟ್ಟ ಒಂದು ವಿಷಯ ಇದೆ. ಆಹಾರ ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ದೇಹ ಅದನ್ನು ಒಪ್ಪಿಕೊಳ್ಳಲು ಕಲಿಯುತ್ತದೆ, ಒಡೆದ ಚರ್ಮದ ಮೂಲಕ ಒಳಗೆ ಹೋದರೆ ಅಲರ್ಜಿ ಕಲಿಯುತ್ತದೆ ಅನ್ನುವುದು ಈಗ ತಜ್ಞರು ಹೆಚ್ಚಾಗಿ ಒಪ್ಪುವ ವಿವರಣೆ. ಶೇಂಗಾ ಎಣ್ಣೆ ಇದ್ದ ಮುಲಾಮು ಹಚ್ಚಿದ ಕೂಸುಗಳಲ್ಲಿ ಶೇಂಗಾ ಅಲರ್ಜಿ ಜಾಸ್ತಿ ಕಂಡದ್ದನ್ನು ಲ್ಯಾಕ್ ತಂಡವೇ 2003ರಲ್ಲಿ ತೋರಿಸಿತ್ತು. ಈಗ ನಮ್ಮ ಕಡೆ ಕೂಸಿಗೆ ನೀರು ಹಾಕುವುದನ್ನು ನೆನಪಿಸಿಕೊಳ್ಳಿ. ಕಾಲು ಚಾಚಿ ಕುಳಿತ ಆಯಿ ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಾಳೆ, ಆಮೇಲೆ ಕಡಲೆಹಿಟ್ಟು, ಹಾಲಿನ ಕೆನೆ ಕಲಸಿ ಮೈಯೆಲ್ಲಾ ಉಜ್ಜುತ್ತಾಳೆ, ಕೂದಲು ಉದುರಲಿ ಅಂತ ಇನ್ನೂ ಜೋರಾಗಿ. ಚರ್ಮ ಗಟ್ಟಿಯಾಗಿದ್ದ ಕೂಸಿಗೆ ಇದರಿಂದ ದೊಡ್ಡ ತೊಂದರೆ ಆಗದಿರಬಹುದು. ಆದರೆ ಕೆನ್ನೆ, ಮೊಣಕೈ, ಮಂಡಿಯ ಹಿಂದೆ ಒರಟಾಗಿ ಬಿರಿದು ತುರಿಸುತ್ತಿರುವ ಕೂಸಿಗೆ ಕಡಲೆ ಮತ್ತು ಹಾಲಿನ ಪ್ರೋಟೀನನ್ನು ಗಾಯದ ಮೇಲೆ ತಿಕ್ಕಿದಂತೆಯೇ ಆಯಿತು. ಅಂಥ ಕೂಸಿಗೆ ಹಿಟ್ಟು, ಕೆನೆ ಬೇಡವೇ ಬೇಡ. ಉಗುರುಬೆಚ್ಚಗಿನ ನೀರು, ಸ್ನಾನವಾದ ಕೂಡಲೇ ಡಾಕ್ಟರು ಹೇಳಿದ ತೇವ ಹಿಡಿಯುವ ಮುಲಾಮು, ಇಷ್ಟು ಸಾಕು. ಆಯಿಗೆ ಹೇಳುವುದು ಕಷ್ಟ ಅಂತ ಗೊತ್ತು. ಆದರೂ ಹೇಳಿ.

ಹಾಗೆಯೇ ಹುಟ್ಟಿದ ಕೆಲವೇ ದಿನಕ್ಕೆ ಬಾದಾಮಿ, ಖಾರಿಕ್, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು. ಆರು ತಿಂಗಳೊಳಗೆ ಇದು ಯಾವುದೂ ಬೇಡ. ಜೇನನ್ನಂತೂ ವರ್ಷ ತುಂಬುವವರೆಗೆ ಕೊಡಬಾರದು. ಅದು ಅಲರ್ಜಿಗಾಗಿ ಅಲ್ಲ, ಬೊಟುಲಿಸಂ ಅನ್ನುವ, ಕೂಸನ್ನು ನಿತ್ರಾಣ ಮಾಡಿ ಉಸಿರಾಟಕ್ಕೇ ಬರುವ ವಿಷದ ರೋಗಕ್ಕಾಗಿ.

ಉಳಿದವನ್ನು ಬೇಗ ಹೇಳುತ್ತೇನೆ. ಗೋಧಿ, ಸೋಯಾ, ಮೀನು, ಸೀಗಡಿ, ಗೋಡಂಬಿ, ಬಾದಾಮಿ, ಎಳ್ಳು ಇವು ಸಾಮಾನ್ಯ ಪಟ್ಟಿಯಲ್ಲಿವೆ. ನಮ್ಮ ದೇಶದಲ್ಲಿ ಕಡಲೆಯಂಥ ಕಾಳುಗಳಿಗೂ ಅಲರ್ಜಿ ಕಂಡಿದೆ, ಪುಠಾಣಿ ಹಿಟ್ಟು, ಬೇಸನ್ ತಿಂದಾಗ ಗಮನಿಸಿ. ಗೋಧಿ ಆಗದ ಕೂಸಿಗೆ ನಮ್ಮ ಜೋಳ, ಸಜ್ಜೆ ಇವೆ, ಈ ಮಟ್ಟಿಗೆ ನಾವು ಅದೃಷ್ಟವಂತರು. ಎಳ್ಳಿನ ವಿಷಯದಲ್ಲಿ ಮಾತ್ರ ಎಚ್ಚರ. ಸಜ್ಜೆ ರೊಟ್ಟಿಯ ಮೇಲೆ, ಹೋಳಿಗೆಯಲ್ಲಿ, ಸಂಕ್ರಾಂತಿಯ ಕುಸರೆಳ್ಳಿನಲ್ಲಿ ಎಲ್ಲೆಲ್ಲೂ ಎಳ್ಳೇ. ಪೊಟ್ಟಣದ ತಿಂಡಿಗಳ ಮೇಲೆ ಗೋಧಿಯಂಥ ಧಾನ್ಯ, ಹಾಲು, ತತ್ತಿ, ಮೀನು, ಶೇಂಗಾ, ಸೋಯಾ ಮುಂತಾದವು ಇದ್ದರೆ ಅಲರ್ಜಿಯ ಸೂಚನೆ ಬರೆಯಲೇಬೇಕು ಅನ್ನುವುದು 2020ರ ಲೇಬಲ್ ನಿಯಮ. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕ 2023ರಿಂದ ಎಳ್ಳನ್ನು ಸೇರಿಸಿದೆ. ಇಷ್ಟು ಎಳ್ಳು ತಿನ್ನುವ ನಮ್ಮ ದೇಶದಲ್ಲೂ ಸೇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಅಪಾಯದ ವಿಷಯ. ಹೊಸ ಪದಾರ್ಥ ತಿಂದ ಮೇಲೆ ಬಾಯಿ ಸುತ್ತ ನಾಲ್ಕು ಗಂಧೆ ಎದ್ದು ಕೂಸು ಆಡಿಕೊಂಡಿದ್ದರೆ ಆ ಪದಾರ್ಥ ನಿಲ್ಲಿಸಿ ಮಕ್ಕಳ ಡಾಕ್ಟರಿಗೆ ತೋರಿಸಿ, ಅವಸರ ಬೇಡ. ಆದರೆ ಉಸಿರಾಡುವಾಗ ಸುಯ್ ಅನ್ನುವ ಸದ್ದು, ಅಳುವಿನ ದನಿ ಇದ್ದಕ್ಕಿದ್ದಂತೆ ಗೊಗ್ಗರಾಗುವುದು, ನಾಲಿಗೆ ಊದುವುದು, ಗಂಧೆಯ ಜೊತೆಗೇ ಮೇಲಿಂದ ಮೇಲೆ ವಾಂತಿ, ಕೂಸು ಬಿಳಿಚಿಕೊಂಡು ಕೈಕಾಲು ಸಡಿಲ ಬಿಡುವುದು, ಇವುಗಳಲ್ಲಿ ಯಾವುದು ಕಂಡರೂ ಒಂದು ನಿಮಿಷ ಕಾಯಬಾರದು. ಇದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಬರುವ ಅಲರ್ಜಿ. ದೃಷ್ಟಿ ತೆಗೆಯುತ್ತಾ, ಮೆಡಿಕಲ್ ಶಾಪಿನ ಸಿರಪ್ ಕುಡಿಸುತ್ತಾ ಕೂರುವ ಹೊತ್ತಲ್ಲ. ಅಲರ್ಜಿಯ ಸಿರಪ್ ತುರಿಕೆ ಇಳಿಸುತ್ತದೆ, ಉಸಿರು ಉಳಿಸುವುದಿಲ್ಲ. ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಯ ಸ್ನಾಯುವಿಗೆ, ಒಂದು ಕೆ.ಜಿ. ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ. ಅಗ್ಗದ ಔಷಧ. ಹಾಗಾಗಿ ದೊಡ್ಡ ಆಸ್ಪತ್ರೆಯೇ ಬೇಕು ಅಂತ ಶಹಾಪುರದಿಂದ ಕಲಬುರಗಿವರೆಗೆ ಗಾಡಿ ಓಡಿಸಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಪ್ರಾಥಮಿಕ ಅಥವಾ ತಾಲೂಕು ಆಸ್ಪತ್ರೆಗೆ ಮೊದಲು ಹೋಗಿ, ಇಂಥದ್ದು ತಿಂದ ಮೇಲೆ ಹೀಗಾಯಿತು ಅಂತ ಬಾಗಿಲಲ್ಲೇ ಹೇಳಿ. ದಾರಿಯಲ್ಲಿ ಕೂಸನ್ನು ಮಲಗಿಸಿಕೊಳ್ಳಿ, ಭುಜದ ಮೇಲೆ ನೆಟ್ಟಗೆ ಹಿಡಿಯಬೇಡಿ. ವಾಂತಿ ಆಗುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ. ಸುಧಾರಿಸಿತು ಅಂತ ಕೂಡಲೇ ಮನೆಗೆ ಕರೆತರಬೇಡಿ, ಕೆಲವು ತಾಸಿನ ಮೇಲೆ ಮತ್ತೆ ಬರುವುದುಂಟು.

ಗಂಧೆ ಇಲ್ಲದೆಯೇ, ತಿಂದ ಒಂದರಿಂದ ನಾಲ್ಕು ತಾಸಿನ ಮೇಲೆ ವಾಂತಿ ಶುರುವಾಗಿ ಕೂಸು ಮಂಕಾಗುವ ಇನ್ನೊಂದು ಬಗೆಯೂ ಇದೆ. ಅಕ್ಕಿಯಂಥ ಅಕ್ಕಿಯಿಂದಲೂ ಅದು ಆಗಬಹುದು. ಜನ ಇದನ್ನು ಅಜೀರ್ಣ ಅಂತ ಬಿಟ್ಟುಬಿಡುತ್ತಾರೆ. ಅದೇ ಊಟಕ್ಕೆ ಎರಡನೇ ಸಲವೂ ಹಾಗೇ ಆದರೆ ಡಾಕ್ಟರಿಗೆ ಹೇಳಲೇಬೇಕು.

ಟೆಸ್ಟಿನ ಬಗ್ಗೆ ಒಂದು ಮಾತು. ನೂರಾರು ಪದಾರ್ಥಗಳ ಹೆಸರಿರುವ ದುಬಾರಿ ರಕ್ತಪರೀಕ್ಷೆ ಮಾಡಿಸಿ, ಅದರಲ್ಲಿ ಪಾಸಿಟಿವ್ ಬಂದ ಹತ್ತು ಹದಿನೈದು ಊಟಗಳನ್ನು ಬಿಡಿಸುವುದು ಕೂಸಿಗೆ ಮಾಡುವ ಅನ್ಯಾಯ. ಮೇಲೆ ಹೇಳಿದ ಶೇ. 26.5 ಮತ್ತು 1.2ರ ಅಂತರ ನೆನಪಿರಲಿ. ಐಜಿಜಿ ಅನ್ನುವ ಬೇರೆ ಪ್ರತಿಕಾಯವನ್ನು ನೋಡುವ ಪರೀಕ್ಷೆಯಂತೂ ಅಲರ್ಜಿಯನ್ನು ತೋರಿಸುವುದೇ ಇಲ್ಲ, ಆ ಆಹಾರ ತಿಂದಿದ್ದಾರೆ ಅನ್ನುವುದನ್ನಷ್ಟೇ ತೋರಿಸುತ್ತದೆ. ನಿಜವಾದ ಪರೀಕ್ಷೆ ನಿಮ್ಮ ನೆನಪು. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಿಗೆ ಏನಾಯಿತು, ಹಿಂದೆ ತಿಂದಾಗ ಹೇಗಿತ್ತು, ಇದನ್ನು ಬರೆದಿಡಿ, ಗಂಧೆಯ ಫೋಟೋ ತೆಗೆದಿಡಿ. ಅಷ್ಟು ಹಿಡಿದುಕೊಂಡು ಹೋದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಎಲ್ಲೇ ಆಗಲಿ ಮಕ್ಕಳ ವಿಭಾಗದ ಡಾಕ್ಟರಿಗೆ ಅರ್ಧ ಕೆಲಸ ಆದಂತೆಯೇ. ಬೇಕಾದರೆ ಅವರು ಒಂದೆರಡು ಪದಾರ್ಥಕ್ಕೆ ಮಾತ್ರ ಚರ್ಮದ ಪರೀಕ್ಷೆ ಬರೆದುಕೊಡುತ್ತಾರೆ.

ಅಲರ್ಜಿ ಖಚಿತವಾದರೆ ಅದನ್ನು ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಸಿ, ಅಂಗನವಾಡಿ ಟೀಚರಿಗೂ ಹೇಳಿ, ಬಿಟ್ಟ ಊಟದ ಬದಲು ಯಾವುದು ಕೊಡಬೇಕು ಅಂತ ಡಾಕ್ಟರನ್ನು ಅಲ್ಲೇ ಕೇಳಿ. ಬರಿ ಬಿಡಿ ಅನ್ನುವ ಸಲಹೆ ಅರ್ಧ ಸಲಹೆ. ಇನ್ನೊಂದನ್ನೂ ಕೇಳಿ, ಮತ್ತೆ ಯಾವಾಗ ಪರೀಕ್ಷೆ ಮಾಡೋಣ ಅಂತ. ಹಾಲು, ತತ್ತಿ, ಗೋಧಿಯ ಅಲರ್ಜಿ ಇರುವ ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತಾ ಅದು ಹೋಗುತ್ತದೆ. ಶೇಂಗಾದ್ದು ಐವರಲ್ಲಿ ಒಬ್ಬರಿಗೆ ಹೋಗಬಹುದು. ವರ್ಷಕ್ಕೊಮ್ಮೆಯಾದರೂ ತೋರಿಸಿ, ಡಾಕ್ಟರ ಎದುರಿಗೇ ಮತ್ತೆ ತಿನಿಸಿ ನೋಡಬೇಕು.